ಬಂದರು ಮಲಗಿದ ವರ್ಷ

ಗ್ರೇಸ್‌ಹೇವನ್ನಿನ ಹೆಂಗಸರ ಪಾಲಿಗೆ ಗಂಡ ಎಂದರೆ ಚಳಿಗಾಲ. ಎಲೆ ಉದುರುವ ಹೊತ್ತಿಗೆ ಹಡಗು ಬರುತ್ತದೆ. ಉಪ್ಪು ಮತ್ತು ಡಾಂಬರಿನ ವಾಸನೆಯ ಒಬ್ಬ ಮನುಷ್ಯ ಒಳಗೆ ಬಂದು ಒಲೆಯ ಮುಂದೆ ಕೂರುತ್ತಾನೆ. ಅವನ ಕೆಮ್ಮು, ಅವನ ನಗು, ಅವನ ಕಾಲಸಪ್ಪಳ ಮನೆಗೆ ಒಗ್ಗುವಷ್ಟರಲ್ಲಿ ಹಿಮ ಕರಗಿ ಕೆಸರಾಗಿರುತ್ತದೆ, ಅವನು ಹೊರಟಿರುತ್ತಾನೆ. ಕೆಜಾಯಾಳಿಗೆ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಆದರೆ ತನ್ನ ಗಂಡ ಕ್ಯಾಪ್ಟನ್ ಎಲ್ಕಾನಾ ಡೋನ್ ಬಿಸಿಲಿನಲ್ಲಿ ಹೇಗೆ ಕಾಣುತ್ತಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಆ ವರ್ಷ ಹಿಮ ಕರಗಿತು, ಕೆಸರು ಒಣಗಿತು, ಅವನು ಹೊರಡಲಿಲ್ಲ.

ಅವನೊಬ್ಬನೇ ಅಲ್ಲ, ಯಾರೂ ಹೊರಡಲಿಲ್ಲ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆಯುತ್ತಿದ್ದ ಯುದ್ಧದ ನಡುವೆ ಸಿಕ್ಕಿಕೊಂಡ ಅಮೆರಿಕದ ಹಡಗುಗಳನ್ನು ಇಬ್ಬರೂ ಹಿಡಿಯುತ್ತಿದ್ದರು. ಇಂಗ್ಲಿಷರಂತೂ ಸರಕಿನ ಜೊತೆ ಆಳುಗಳನ್ನೂ ಎತ್ತಿಕೊಂಡು ಹೋಗಿ ತಮ್ಮ ಯುದ್ಧನೌಕೆಗಳಲ್ಲಿ ದುಡಿಸುತ್ತಿದ್ದರು. ಯುದ್ಧಕ್ಕೆ ನಿಲ್ಲುವಷ್ಟು ಶಕ್ತಿ ದೇಶಕ್ಕಿರಲಿಲ್ಲ, ಸುಮ್ಮನೆ ಸಹಿಸಿಕೊಂಡಿರುವುದೂ ಆಗುತ್ತಿರಲಿಲ್ಲ. ಕೊನೆಗೆ ವಾಷಿಂಗ್ಟನ್ನಿನಲ್ಲಿ ಕೂತವರು ಒಂದು ಕಾನೂನು ಮಾಡಿದರು. ನಮ್ಮ ಯಾವ ಹಡಗೂ ಪರದೇಶಕ್ಕೆ ಹೋಗಕೂಡದು. ನಮ್ಮ ಹಿಟ್ಟು, ಮೀನು, ಹತ್ತಿ ಇಲ್ಲದೆ ಅವರೇ ದಾರಿಗೆ ಬರಲಿ.

ಅವರು ದಾರಿಗೆ ಬಂದರೋ ಇಲ್ಲವೋ, ಗ್ರೇಸ್‌ಹೇವನ್ನಿನ ಹಡಗುಗಳು ಮಾತ್ರ ಮಲಗಿದವು. ಮಳೆ ನೀರು ಇಳಿದು ಕೊಳೆಯದಿರಲೆಂದು ಹಾಯಿಕಂಬಗಳ ತುದಿಗೆ ಡಾಂಬರಿನ ಪೀಪಾಯಿಗಳನ್ನು ಬೋರಲು ಹಾಕಿದರು. ದೂರದಿಂದ ನೋಡಿದರೆ ರಾತ್ರಿಟೋಪಿ ತೊಟ್ಟ ಮುದುಕರು ನೀರಿನಲ್ಲಿ ಸಾಲಾಗಿ ನಿಂತು ತೂಕಡಿಸುವಂತೆ ಕಾಣುತ್ತಿತ್ತು. ಬಾವಿಕಟ್ಟೆಯ ಹೆಂಗಸರು ಅದನ್ನು ನೋಡಿ, "ಅಧ್ಯಕ್ಷರು ಹಾಕಿದ ಟೋಪಿ ಕಣ್ರೇ. ಹಡಗಿಗೊಂದು, ನಮಗೊಂದು," ಎನ್ನುತ್ತಿದ್ದರು.

ಊರು ಫೆಡರಲಿಸ್ಟರದು. ಇಂಗ್ಲೆಂಡಿನ ಜೊತೆ ವ್ಯಾಪಾರ ಮಾಡಿ ಬೆಳೆದ ಊರು ಇನ್ನಾವ ಪಕ್ಷದ್ದಾದೀತು? ಅಧ್ಯಕ್ಷರ ಪಕ್ಷವಾದ ರಿಪಬ್ಲಿಕನ್ನರು ಅಲ್ಲಿ ಬೆರಳೆಣಿಕೆಯಷ್ಟು. ಅವರ ಹೋಟೆಲು ಬೇರೆ, ಅವರ ಪ್ರಾರ್ಥನೆಯ ಮನೆ ಬೇರೆ, ಜುಲೈ ನಾಲ್ಕರಂದು ಅವರ ಮೆರವಣಿಗೆಯೂ ಬೇರೆ. ಎರಡು ಮೆರವಣಿಗೆಗಳು ಒಂದೇ ಬೀದಿಯಲ್ಲಿ ಎದುರಾದರೆ ಡೋಲು ಬಾರಿಸುವವರು ಮುಖ ತಿರುಗಿಸಿಕೊಂಡು ಬಾರಿಸುತ್ತಿದ್ದರು. ಆ ಬೆರಳೆಣಿಕೆಯವರಲ್ಲಿ ಕೆಜಾಯಾಳ ಅಣ್ಣ ಏಸಾ ಒಬ್ಬ. ಪೀಪಾಯಿ ಮಾಡುವವನು. ಹಡಗು ನಿಂತ ಮೇಲೆ ಅವನ ಕಸುಬೂ ನಿಂತಿತ್ತು. ಟೋಪಿಗೆಂದು ಕೊಟ್ಟ ಪೀಪಾಯಿಗಳೇ ಆ ವರ್ಷ ಅವನು ಕಂಡ ವ್ಯಾಪಾರ. ಆದರೂ ಅವನು ಆ ಕಾನೂನನ್ನು ಬಿಟ್ಟುಕೊಡುತ್ತಿರಲಿಲ್ಲ.

ಕೆಜಾಯಾಳ ಅತ್ತೆ ಹೆಪ್ಸಿಬಾ ದಿನಕ್ಕೆ ಮೂರು ಹೊತ್ತು, ಊಟದ ಮುಂಚೆ ದೇವರನ್ನು ನೆನೆದ ತಕ್ಷಣ ಅಧ್ಯಕ್ಷರನ್ನು ಶಪಿಸುತ್ತಿದ್ದಳು. "ಕಾಫಿ ಇಲ್ಲ, ಸಕ್ಕರೆ ಇಲ್ಲ. ಬೀನ್ಸಿಗೆ ಹಾಕೋಕೆ ಕಾಕಂಬಿ ಕೂಡ ಇಲ್ಲ. ಅವನ ಮನೇಲಿ ಮಾತ್ರ ಫ್ರಾನ್ಸಿನ ವೈನ್ ಇರತ್ತೆ, ನೋಡ್ತಿರು."

"ಹೂಂ ಅತ್ತೆ," ಎನ್ನುತ್ತಿದ್ದಳು ಕೆಜಾಯಾ, ಬಡಿಸುತ್ತ, ತಲೆ ತಗ್ಗಿಸಿ. ಮುಖ ಎತ್ತಿದರೆ ಅತ್ತೆಗೆ ತಿಳಿದುಬಿಡಬಹುದೆಂಬ ಹೆದರಿಕೆ ಅವಳಿಗೆ. ಇಡೀ ಊರು ಸೂತಕ ಹಿಡಿದಂತಿದ್ದಾಗ, ಕಾಫಿಯಿಲ್ಲದ ಆ ಬೆಳಗುಗಳಲ್ಲಿ, ಅವಳೊಬ್ಬಳ ಎದೆಯೊಳಗೆ ಯಾರೋ ಕಿಟಕಿ ತೆರೆದಿಟ್ಟಂತಿತ್ತು.

ಮೇ ತಿಂಗಳಲ್ಲಿ ಸೇಬಿನ ಮರ ಹೂ ಬಿಟ್ಟಿತು. ಮದುವೆಯಾದ ಚಳಿಗಾಲದಲ್ಲಿ ಎಲ್ಕಾನಾ ತಾನೇ ಗುಂಡಿ ತೋಡಿ ಹಿತ್ತಲಲ್ಲಿ ನೆಟ್ಟುಹೋದ ಕಡ್ಡಿಯದು. ಪ್ರತಿ ಸಲ ಬಂದಾಗಲೂ ಅವನು ಕಂಡಿದ್ದು ಬೋಳು ಕೊಂಬೆಗಳನ್ನೇ. ಅವತ್ತು ಬೆಳಿಗ್ಗೆ ಅವನು ಹಿತ್ತಲ ಬಾಗಿಲಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನಿಂತವನು ಹಾಗೇ ನಿಂತುಬಿಟ್ಟ.

"ಇದು ಹೀಗಾಗತ್ತಾ?"

"ಪ್ರತಿ ವರ್ಷ ಆಗತ್ತೆ," ಎಂದಳು ಕೆಜಾಯಾ.

"ನೀನು ಹೇಳೇ ಇಲ್ವಲ್ಲ."

"ಹೂವು ಬಿಟ್ಟಿದೆ ಅಂತ ಯಾರಿಗೆ ಹೇಳಲಿ? ಸಮುದ್ರಕ್ಕೆ ಹೇಳಲಾ?"

ಅವನು ಮರದ ಕೆಳಗೆ ಹೋಗಿ ನಿಂತ. ಜೇನುಹುಳ ಗುಂಯ್‌ಗುಟ್ಟಿದ್ದೇ ತಡ ಟೋಪಿ ಬೀಸುತ್ತ ಓಡಿಬಂದ. ಒಂಬತ್ತು ವರ್ಷದ ಮಗಳು ಫೀನಾ ಬಾಗಿಲಿಗೆ ಒರಗಿ ನಕ್ಕಳು. ಅವಳು ಅವನನ್ನು ಅಪ್ಪ ಎನ್ನುತ್ತಿರಲಿಲ್ಲ. ಊರೆಲ್ಲ ಕರೆಯುವಂತೆ ಕ್ಯಾಪ್ಟನ್ ಎನ್ನುತ್ತಿದ್ದಳು. "ಅಮ್ಮ, ಕ್ಯಾಪ್ಟನ್ನಿಗೆ ಜೇನುಹುಳ ಕಂಡ್ರೆ ಭಯ." ಬಿರುಗಾಳಿಯಲ್ಲಿ ಹೆದರದವನು ಹುಳಕ್ಕೆ ಹೆದರುತ್ತಾನೆ ಎಂಬುದನ್ನು ತಿಳಿಯಲು ಹನ್ನೊಂದು ವರ್ಷ ಬೇಕಾಯಿತಲ್ಲ ಎಂದು ಕೆಜಾಯಾ ಆಮೇಲೆ ಹಿಟ್ಟು ನಾದುತ್ತ ಯೋಚಿಸಿದಳು. ಯೋಚಿಸುತ್ತಿದ್ದಾಗ ಹಾಡು ಗುನುಗುತ್ತಿದ್ದಳೆಂದು ಕಾಣುತ್ತದೆ, ಏಕೆಂದರೆ ಅವನು ಒಳಗೆ ಇಣುಕಿ, "ನೀನು ಹಾಡ್ತೀಯಾ?" ಎಂದು ಕೇಳಿದ.

ಬೇಸಿಗೆಯೆಲ್ಲ ಹೀಗೇ ಕಳೆಯಿತು, ನಿದ್ದೆಗೂ ಎಚ್ಚರಕ್ಕೂ ನಡುವಿನ ಹೊತ್ತಿನಂತೆ. ಬಂದರಿನಲ್ಲಿ ಸುತ್ತಿಗೆಯ ಸದ್ದಿಲ್ಲ, ಗಾಡಿಗಳ ಗಡಗಡವಿಲ್ಲ. ಹಡಗುಕಟ್ಟೆಯ ಹಲಗೆಗಳ ಸಂದಿನಲ್ಲಿ ಹುಲ್ಲು ಬೆಳೆಯಿತು. ಸಂಜೆ ಅವರಿಬ್ಬರೂ ಅಲ್ಲಿಗೆ ಹೋಗಿ ಕೂರುತ್ತಿದ್ದರು. ಅವನ ಹಡಗು 'ಕರ್ಲ್ಯೂ' ತನ್ನ ಎರಡು ಟೋಪಿಗಳನ್ನು ತೊಟ್ಟು ಹಗ್ಗದ ತುದಿಯಲ್ಲಿ ಮೆಲ್ಲಗೆ ಅತ್ತ ಇತ್ತ ಹೊರಳುತ್ತಿತ್ತು. ಅಲೆ ಇಳಿದಾಗ ಅದರ ಹೊಟ್ಟೆಗೆ ಅಂಟಿದ ಹಸಿರು ಪಾಚಿ ಕಾಣುತ್ತಿತ್ತು. ಕೆಜಾಯಾಳಿಗೆ ಅದು ಚಂದವೆನಿಸುತ್ತಿತ್ತು. ಗಂಡನ ಮುಖ ಮಾತ್ರ ಅವಳು ನೋಡುತ್ತಿರಲಿಲ್ಲ.

ಬಾವಿಕಟ್ಟೆಯಲ್ಲಿ ಸೂಲಗಿತ್ತಿ ಮಾತ್ರ ಸಂತೋಷವಾಗಿದ್ದಳು. "ಈ ಸಲ ನನಗೆ ಕೈ ತುಂಬಾ ಕೆಲಸ. ಹುಟ್ಟೋ ಮಕ್ಕಳಿಗೆಲ್ಲ ಅಧ್ಯಕ್ಷರ ಹೆಸರೇ ಇಡಿ, ಅವರ ಕೃಪೆ ತಾನೇ."

"ಫೆಡರಲಿಸ್ಟರ ಮನೇಲಿ ಆ ಹೆಸರಿಟ್ರೆ ಮಗು ಹಾಲು ಕುಡಿಯಲ್ಲ ಬಿಡಿ," ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಕೆಜಾಯಾ ಕೂಡ ನಕ್ಕಳು, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ.

ಆ ಊರಿನಲ್ಲಿ ಒಂದು ಪದ್ಧತಿಯಿತ್ತು. ಗಂಡ ಮನೆಯಲ್ಲಿದ್ದರೂ ಅವನ ಸಮುದ್ರದ ಪೆಟ್ಟಿಗೆಯನ್ನು ಪೂರ್ತಿ ಬರಿದು ಮಾಡುವಂತಿಲ್ಲ. ಒಗೆಯುವುದನ್ನು ಒಗೆದು, ಹೊಲಿಯುವುದನ್ನು ಹೊಲಿದು ಮತ್ತೆ ಅದರಲ್ಲೇ ಇಡಬೇಕು. ಕೆಳಗೆ ದಪ್ಪ ಕೋಟು, ಅದರ ಮೇಲೆ ಉಣ್ಣೆಯ ಕಾಲುಚೀಲ, ಮೇಲೆ ಬೈಬಲ್ಲು. ಪೆಟ್ಟಿಗೆ ಮಂಚದ ಕಾಲ್ದೆಸೆಯಲ್ಲಿ ಸದಾ ಅರ್ಧ ಹೊರಟಂತೆ ಇರಬೇಕು. ಬರಿದಾದ ಪೆಟ್ಟಿಗೆ ಎಂದರೆ ಸತ್ತವನ ಪೆಟ್ಟಿಗೆ. ಹೊಸದಾಗಿ ಮದುವೆಯಾಗಿ ಬಂದವಳಿಗೆ ಅತ್ತೆ ಮೊದಲು ಹೇಳಿಕೊಡುವ ಪಾಠವೇ ಅದು.

ಅಕ್ಟೋಬರಿನಲ್ಲಿ ಸೇಬು ಕಿತ್ತಾಗ ನೆಲಮಾಳಿಗೆಯ ಬುಟ್ಟಿಗಳೆಲ್ಲ ತುಂಬಿ ಇನ್ನೂ ಉಳಿದಿದ್ದವು. ಕೆಜಾಯಾ ಮೇಲಿನ ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಕೋಟನ್ನು ಗೂಟಕ್ಕೆ ಹಾಕಿದಳು, ಕಾಲುಚೀಲಗಳನ್ನು ಬೀರುವಿನಲ್ಲಿ ಸೇರಿಸಿದಳು, ಬೈಬಲ್ಲನ್ನು ಕಿಟಕಿಯ ಹತ್ತಿರ ಇಟ್ಟಳು. ತಳಕ್ಕೆ ಹುಲ್ಲು ಹಾಸಿ, ಒಂದಕ್ಕೊಂದು ತಾಗದಂತೆ ಸೇಬುಗಳನ್ನು ಜೋಡಿಸಿದಳು. ಜೋಡಿಸುವಾಗ ತಾನು ಏನು ಮಾಡುತ್ತಿದ್ದೇನೆಂದು ಅವಳು ಯೋಚಿಸಲಿಲ್ಲ. ಯೋಚಿಸಿದ್ದರೆ ಕೈ ನಿಲ್ಲುತ್ತಿತ್ತು. ಮುಚ್ಚಳ ಮುಚ್ಚಿ ಅದರ ಮೇಲೆ ಕೂತು, ಮರದೊಳಗಿನಿಂದ ಬರುವ ಸಿಹಿ ವಾಸನೆಯನ್ನು ಬಹಳ ಹೊತ್ತು ಮೂಸಿದಳು.

ಚಳಿ ಬಂದ ಮೇಲೆ ಎಲ್ಕಾನಾ ಬದಲಾದ. ಬದಲಾವಣೆ ಮೊದಲೇ ಶುರುವಾಗಿತ್ತೇನೋ, ಬಿಸಿಲಿನಲ್ಲಿ ಅವಳಿಗೆ ಕಂಡಿರಲಿಲ್ಲ. ಅವನು ಹಿತ್ತಲಿನಲ್ಲಿ ಬಾಗಿಲಿನಿಂದ ಸೇಬಿನ ಮರದವರೆಗೆ ನಡೆದು, ಗಕ್ಕನೆ ತಿರುಗಿ, ಮತ್ತೆ ಬಾಗಿಲಿಗೆ ಬರುತ್ತಿದ್ದ. ಮರ ದಾಟಿ ಬೇಲಿಯವರೆಗೆ ಬೇಕಾದಷ್ಟು ಜಾಗವಿತ್ತು. ಆದರೆ ಅವನ ಕಾಲಿಗೆ 'ಕರ್ಲ್ಯೂ'ವಿನ ಡೆಕ್ಕು ಅಲ್ಲಿಗೇ ಮುಗಿಯುತ್ತಿತ್ತು. ಹಿಮದ ಮೇಲೆ ಅವನ ಕಾಲ್ದಾರಿ ಕರಿಯ ಗೆರೆಯಾಗಿ ಉಳಿಯಿತು. ರಾತ್ರಿ ನಾಲ್ಕೇ ಗಂಟೆ ಹೊತ್ತು ಮಲಗುತ್ತಿದ್ದ, ಹಡಗಿನಲ್ಲಿ ಪಹರೆ ಬದಲಾಗುವ ಹೊತ್ತಿಗೆ ಎದ್ದು ಕೂರುತ್ತಿದ್ದ. ಅವನ ಆಳುಗಳು ಊರಿನವರು ಹಾಕುವ ಗಂಜಿಗೆ ಸಾಲು ನಿಲ್ಲುತ್ತಿದ್ದರು. ಅವನು ಆ ಬೀದಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದ.

ಫೆಬ್ರವರಿಯ ಒಂದು ಬೆಳಿಗ್ಗೆ ಹಡಗಿನ ಯಜಮಾನ ಸ್ಟಾನ್‌ವುಡ್ ಬಂದ. ಬೂಟಿನ ಹಿಮ ಕೊಡವಿ, ಹೆಪ್ಸಿಬಾಳ ಆರೋಗ್ಯ ವಿಚಾರಿಸಿ, ಒಲೆಯ ಹತ್ತಿರದ ಕುರ್ಚಿಯಲ್ಲಿ ಕೂತ.

"ಗುರುವಾರ ಊರ ಸಭೆ ಇದೆ ಕ್ಯಾಪ್ಟನ್. ಕಾನೂನು ತೆಗೀಬೇಕು ಅಂತ ಊರಿನ ಮನವಿ ಕಳಿಸ್ತೀವಿ. ನೀವು ಎದ್ದು ಮಾತಾಡ್ಬೇಕು."

"ನಾನು ಮಾತಿನವನಲ್ಲ ಯಜಮಾನ್ರೇ."

"ಅದಕ್ಕೇ ನೀವು ಬೇಕು. ಮಾತಿನವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಇಂಗ್ಲಿಷರು ನಿಮ್ಮ ಹಡಗಿಂದಲೇ ಆಳು ಎತ್ಕೊಂಡು ಹೋಗಿದ್ದಾರೆ. ಅಂಥವರೇ ಎದ್ದು ಕಾನೂನು ಬೇಡ ಅಂದ್ರೆ ಆ ರಿಪಬ್ಲಿಕನ್ನರ ಬಾಯಿ ಮುಚ್ಚತ್ತೆ." ಅವನು ಕೈ ಕಾಯಿಸಿಕೊಳ್ಳುತ್ತ ನಿಧಾನವಾಗಿ ಹೇಳಿದ, "ಕಾನೂನು ಹೋದ ದಿನವೇ 'ಕರ್ಲ್ಯೂ' ಲಿಸ್ಬನ್ನಿಗೆ ಹೊರಡತ್ತೆ. ನಮ್ಮ ಜೊತೆ ನಿಂತವರ ಕೈಗೇ ಅದನ್ನ ಕೊಡೋದು ನ್ಯಾಯ. ಬೇರೆ ಕ್ಯಾಪ್ಟನ್ನರೂ ಕೇಳ್ತಿದ್ದಾರೆ."

ಎತ್ತಿಕೊಂಡು ಹೋದ ಆಳು ಸೈಲಸ್. ಕೆಜಾಯಾ ಮತ್ತು ಏಸಾ ಇಬ್ಬರ ತಮ್ಮ. ಮೂರು ವರ್ಷದ ಹಿಂದೆ ಇಂಗ್ಲಿಷ್ ಯುದ್ಧನೌಕೆಯೊಂದು 'ಕರ್ಲ್ಯೂ'ವನ್ನು ತಡೆದು, ಆಳುಗಳನ್ನು ಸಾಲಾಗಿ ನಿಲ್ಲಿಸಿ, ಭುಜ ಅಗಲವಾಗಿದ್ದವನನ್ನು ನೋಡಿ, ಇವನು ನಮ್ಮವನು ಎಂದಿತ್ತು. ಅಮೆರಿಕದವನೆಂಬ ಕಾಗದ ಸೈಲಸನ ಕೈಯಲ್ಲೇ ಇತ್ತು. ಅವರು ಅದನ್ನು ಓದಲಿಲ್ಲ. ಅವರ ತೋಪುಗಳ ಎದುರು ಎಲ್ಕಾನಾ ಸುಮ್ಮನೆ ನಿಂತಿದ್ದ. ಅಂದಿನಿಂದ ಏಸಾ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. "ನಿನ್ನ ಗಂಡ ನನ್ನ ತಮ್ಮನ್ನ ಉಪ್ಪುಮೀನಿನ ಹಾಗೆ ತೂಗಿ ಕೊಟ್ಟು ಬಂದ," ಎಂದಿದ್ದ ತಂಗಿಗೆ.

ಸ್ಟಾನ್‌ವುಡ್ ಹೋದ ಮೇಲೆ ಎಲ್ಕಾನಾ ಮೇಲಿನ ಕೋಣೆಗೆ ಹೋದ. ಕೆಜಾಯಾ ಕೆಳಗೆ ನಿಂತು ಮುಚ್ಚಳದ ಕೀಲಿನ ಸದ್ದು ಕೇಳಿದಳು. ಅವಳ ಕೈಯ ಪಾತ್ರೆ ಕೈಯಲ್ಲೇ ಉಳಿಯಿತು. ಹೆಪ್ಸಿಬಾ ಕೂಡ ಆ ಸದ್ದು ಕೇಳಿ, ಮಗ ಕೋಟು ತೆಗೆಯಲು ಹೋದನೆಂದು ಖುಷಿಯಿಂದ ಮೆಟ್ಟಿಲು ಹತ್ತಿದಳು. ಕೆಜಾಯಾ ಅವಳ ಹಿಂದೆ ಹೋದಳು.

ಪೆಟ್ಟಿಗೆ ತೆರೆದಿತ್ತು. ತಿಂಗಳುಗಟ್ಟಲೆ ಮುಚ್ಚಿದ್ದ ಸೇಬಿನ ವಾಸನೆ ಕೋಣೆಯನ್ನೆಲ್ಲ ತುಂಬಿತ್ತು. ಎಲ್ಕಾನಾ ಒಂದು ಸುಕ್ಕುಗಟ್ಟಿದ ಹಣ್ಣನ್ನು ಹಿಡಿದು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡುತ್ತಿದ್ದ.

"ಗಂಡ ಬದುಕಿರುವಾಗ ಪೆಟ್ಟಿಗೆ ಬರಿದು ಮಾಡಿದ್ಯಾ," ಎಂದಳು ಹೆಪ್ಸಿಬಾ. ಅವಳ ದನಿ ಏರಲಿಲ್ಲ. "ವಿಧವೆಯರು ಮಾಡೋ ಕೆಲಸ ಇದು. ಇಡೀ ಊರು ಅಳ್ತಿದ್ರೆ ನೀನು ಇಲ್ಲಿ ಸೇಬು ಹಣ್ಣು ಮಾಡ್ತಿದ್ಯಲ್ಲ."

ಕೆಜಾಯಾ ಇಡೀ ವರ್ಷ ತಗ್ಗಿಸಿಟ್ಟ ಮುಖದ ಅರ್ಥವೆಲ್ಲ ಆ ಪೆಟ್ಟಿಗೆಯಲ್ಲಿ ಕೆಂಪಗೆ ಸಾಲಾಗಿ ಕೂತಿತ್ತು.

"ಅಮ್ಮ, ನೀನು ಕೆಳಗೆ ಹೋಗು," ಎಂದ ಎಲ್ಕಾನಾ.

ಹೆಪ್ಸಿಬಾ ಇಳಿದುಹೋದ ಮೇಲೆ ಅವನು ಮಂಚದ ಅಂಚಿನಲ್ಲಿ ಕೂತ. ಸೇಬನ್ನು ಚಾಕುವಿನಿಂದ ಎರಡು ಮಾಡಿ ಒಂದನ್ನು ಅವಳಿಗೆ ಕೊಟ್ಟ. ಇಬ್ಬರೂ ತಿಂದರು. ಸಿಪ್ಪೆ ಸುಕ್ಕಾಗಿದ್ದರೂ ಒಳಗೆ ಸಿಹಿಯಾಗಿತ್ತು.

"ನಾನು ಇಲ್ಲೇ ಇದ್ರೆ ನಿನಗೆ ಅಷ್ಟು ಇಷ್ಟಾನಾ?"

"ಇಷ್ಟ ಇದ್ರೆ ತಪ್ಪಾ?"

"ತಪ್ಪು ಅಂದ್ನಾ?" ಅವನು ಚಾಕು ಒರೆಸಿ ಮಡಿಚಿ ಹೇಳಿದ, "ನೋಡು ಕೆಜಾಯಾ. ಗುರುವಾರ ನಾನು ಮಾತಾಡ್ದೇ ಇದ್ರೆ ಹಡಗು ಬೇರೆಯವನ ಪಾಲಾಗತ್ತೆ. ಆಮೇಲೆ ಈ ಊರಲ್ಲಿ ಯಾರೂ ನನಗೆ ಹಡಗು ಕೊಡಲ್ಲ. ನಾನು ಇಲ್ಲೇ ಉಳೀತೀನಿ. ಏನಾದ್ರೂ ಮಾಡ್ಕೊಂಡು ಇರ್ತೀನಿ. ನೀನು ಬೇಡ ಅಂದ್ರೆ ನಾನು ಎದ್ದು ನಿಲ್ಲಲ್ಲ. ಬೇಕು ಅಂದ್ರೆ ನಿಲ್ತೀನಿ. ನನಗೆ ನಾನೇ ತೀರ್ಮಾನ ಮಾಡೋಕೆ ಆಗ್ತಿಲ್ಲ."

"ನಿಮಗೇನು ಬೇಕು?"

"ನನಗೆ ಸೇಬಿನ ಮರ ಹೂ ಬಿಡೋದು ಇನ್ನೊಂದು ಸಲ ನೋಡ್ಬೇಕು. ಹಡಗೂ ಬೇಕು."

ಅವಳು ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. ಗುರುವಾರದವರೆಗೆ ಸುಮ್ಮನಿದ್ದರೆ ಸಾಕಿತ್ತು, ಅವನು ಉಳಿಯುತ್ತಿದ್ದ. ಹನ್ನೊಂದು ವರ್ಷ ಸುಮ್ಮನಿದ್ದು ಅಭ್ಯಾಸವಾದವಳಿಗೆ ಎರಡು ದಿನವೇನು ದೊಡ್ಡದು? ಅವಳು ಸುಮ್ಮನಿದ್ದಳು. ಅವನೂ ಮತ್ತೆ ಕೇಳಲಿಲ್ಲ.

ಬುಧವಾರ ಮಧ್ಯಾಹ್ನ ರೊಟ್ಟಿ ಬೇಯಲು ಬಿಟ್ಟು, ಒಲೆಯ ಪಕ್ಕ ಕಾಲು ಚಾಚಿ ಕೂತವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ಬಂದರು ಬೆಚ್ಚಗಿತ್ತು. ಮಂಜಿನೊಳಗೆ ಟೋಪಿ ತೊಟ್ಟ ಹಡಗುಗಳೆಲ್ಲ ಉಸಿರಾಡುತ್ತಿದ್ದವು, ಒಂದೇ ಸಮನೆ, ತೊಟ್ಟಿಲಲ್ಲಿ ಮಲಗಿದ ಮಕ್ಕಳಂತೆ. ಅವಳು ಹಡಗುಕಟ್ಟೆಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದಳು. ಮಡಿಲ ತುಂಬ ಸೇಬು. ಹಡಗುಗಳ ಸಂದಿನಲ್ಲಿ ಒಂದು ಪುಟ್ಟ ದೋಣಿ ಬಂತು. ಹುಟ್ಟು ಹಾಕುತ್ತಿದ್ದವನು ಸೈಲಸ್. ಹುಡುಗನಾಗಿದ್ದಾಗಿನಂತೆ ತಲೆಗೂದಲು ಕಣ್ಣಿನ ಮೇಲೆ ಬಿದ್ದಿತ್ತು. ಹತ್ತಿರ ಬಂದು ಹಗ್ಗ ಎಸೆಯಲು ಕೈ ಎತ್ತಿದ. "ಅಕ್ಕ, ಹಿಡ್ಕೋ," ಎಂದ, ಯಾರೂ ಎಚ್ಚರಾಗದಿರಲಿ ಎನ್ನುವಂತೆ ಮೆಲ್ಲಗೆ. ಹಿಡಿಯಬೇಕೆಂದು ಅವಳಿಗೆ ಗೊತ್ತಿತ್ತು. ಹಿಡಿಯಬೇಕಾದರೆ ಮಡಿಲು ಬಿಡಬೇಕು, ಬಿಟ್ಟರೆ ಸೇಬೆಲ್ಲ ನೀರಿಗೆ. ಹಗ್ಗ ಹಾರಿಬಂದು ಅವಳ ಕಾಲ ಬಳಿ ಬಿದ್ದು, ಹಲಗೆಯ ಮೇಲೆ ಹಾವಿನಂತೆ ಜಾರಿ, ಮತ್ತೆ ನೀರಿಗಿಳಿಯಿತು. ಸೈಲಸ್ ಬೈಯಲಿಲ್ಲ. ಹಗ್ಗ ಎಳೆದುಕೊಂಡು ಸುತ್ತಿಟ್ಟ. ದೋಣಿ ಹಿಂದಕ್ಕೆ, ಮಂಜಿನೊಳಕ್ಕೆ ಸರಿಯಿತು.

"ಅಮ್ಮ, ರೊಟ್ಟಿ ಸೀದುಹೋಯ್ತು," ಎಂದು ಫೀನಾ ಭುಜ ಅಲುಗಾಡಿಸಿದಳು.

ಕೆಜಾಯಾ ಎದ್ದಳು. ಮಡಿಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಅದರಲ್ಲಿ ಏನೂ ಇರಲಿಲ್ಲ.

ಗುರುವಾರ ಪ್ರಾರ್ಥನೆಯ ಮನೆ ಕಿಕ್ಕಿರಿದಿತ್ತು. ಕೆಳಗೆ ಗಂಡಸರು, ಮೇಲಿನ ಗ್ಯಾಲರಿಯಲ್ಲಿ ಹೆಂಗಸರು, ಪಾದದ ಹತ್ತಿರ ಕೆಂಡದ ಡಬ್ಬಿಗಳು. ಆ ಊರಿನಲ್ಲಿ ಮುಖ್ಯವಾದ ವಿಷಯಕ್ಕೆ ಕೈ ಎತ್ತುವುದಿಲ್ಲ. ಒಪ್ಪುವವರು ಬಲಗೋಡೆಗೆ, ಒಪ್ಪದವರು ಎಡಗೋಡೆಗೆ ಹೋಗಿ ನಿಲ್ಲಬೇಕು. ಯಾರು ಯಾವ ಕಡೆ ಎಂದು ಎಲ್ಲರಿಗೂ ಕಾಣಬೇಕು. ಏಸಾ ಆಗಲೇ ಎಡಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದ.

"ಇಷ್ಟು ಬೇಗ ಯಾಕೋ ಏಸಾ, ಗೋಡೆ ಬೀಳತ್ತೆ ಅಂತಾನಾ?" ಎಂದು ಯಾರೋ ಕೂಗಿದರು.

"ನಿಮ್ಮ ಕಡೆ ಗೋಡೆಗೆ ಇಂಗ್ಲೆಂಡಿನ ರಾಜ ಇದ್ದಾನೆ. ಇದಕ್ಕೆ ಯಾರೂ ಇಲ್ಲ, ಅದಕ್ಕೆ ನಾನು," ಎಂದ ಏಸಾ. ಎಡಗಡೆಯ ನಾಲ್ಕೈದು ಜನ ನಕ್ಕರು.

ಸಭೆಯ ಹಿರಿಯರು ಮನವಿ ಓದಿದರು. ಆಮೇಲೆ ಸ್ಟಾನ್‌ವುಡ್ ಎದ್ದು, ಕ್ಯಾಪ್ಟನ್ ಡೋನ್ ಎರಡು ಮಾತು ಆಡುತ್ತಾರೆ ಎಂದ. ಜನ ತಿರುಗಿ ನೋಡಿದರು. ಎಲ್ಕಾನಾ ಏಳಲಿಲ್ಲ. ಬೆಂಚಿನ ತುದಿಯಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದವನು ಮುಖವೆತ್ತಿ ಗ್ಯಾಲರಿಯ ಕಡೆ ನೋಡಿದ.

ಆ ಮುಖವನ್ನು ಕೆಜಾಯಾ ಎಷ್ಟೋ ಸಲ ನೋಡಿದ್ದಳು, ಹಡಗುಕಟ್ಟೆಯಿಂದ, ನಡುವೆ ನೀರು ಅಗಲವಾಗುತ್ತಿದ್ದಾಗ. ಆಗ ಊರ ಹೆಂಗಸರು ಬಿಳಿಯ ಕರವಸ್ತ್ರವನ್ನು ಒಮ್ಮೆ ಎತ್ತಿ ಇಳಿಸುತ್ತಾರೆ, ಒಮ್ಮೆ ಮಾತ್ರ. ಎರಡು ಸಲ ಬೀಸಿದರೆ ವಾಪಸು ಕರೆದಂತೆ, ಅದು ಅಪಶಕುನ. ಒಮ್ಮೆ ಎತ್ತಿದರೆ, ಹೋಗಿ ಬಾ ಎಂದು.

ಸುಮ್ಮನಿದ್ದರೆ ಸಾಕು ಎಂದು ಅವಳಿಗೆ ಮತ್ತೊಮ್ಮೆ ಅನಿಸಿತು. ಹೊರಗೆ ಹಿಮದ ಬೆಳಕು, ಒಳಗೆ ಜನರ ಉಸಿರಿನ ಹಬೆ. ಪಕ್ಕದಲ್ಲಿ ಅತ್ತೆ ನೇರವಾಗಿ ಮುಂದಕ್ಕೆ ನೋಡುತ್ತಿದ್ದಳು. ಬೀಗ ಹಾಕಿದ ಮನೆಯೊಳಗೆ ಬೆಚ್ಚಗೆ ಕೂತವಳಿಗೆ, ಹೊರಗೆ ಉಳಿದ ತಮ್ಮ ಬಾಗಿಲು ತಟ್ಟಿದ್ದು ಕೇಳಿಸಿಯೂ ಕೇಳಿಸದಂತಾಗಿತ್ತಲ್ಲ, ಒಂದು ವರ್ಷ. ಅವಳು ಉಡುಪಿನ ತೋಳಿನ ಒಳಗಿಂದ ಕರವಸ್ತ್ರ ತೆಗೆದಳು. ಎತ್ತಿದಳು. ಇಳಿಸಿದಳು.

ಎಲ್ಕಾನಾ ಎದ್ದುನಿಂತ.

"ನನ್ನ ಡೆಕ್ಕಿನ ಮೇಲಿಂದ ಸೈಲಸ್‌ನ ಕರ್ಕೊಂಡು ಹೋದ್ರು," ಎಂದ. "ಅವತ್ತು ನಾನು ಸುಮ್ಮನೆ ನಿಂತಿದ್ದೆ. ಇಂಗ್ಲಿಷರು ಮಾಡಿದ್ದು ಕಳ್ಳತನ. ಇಲ್ಲಿ ಯಾರೂ ಹಾಗೆ ಹೇಳಲ್ಲ, ಅವರ ಜೊತೆ ವ್ಯಾಪಾರ ಇದೆ ಅಂತ. ನಾನು ಹೇಳ್ತೀನಿ."

ಸ್ಟಾನ್‌ವುಡ್ ಕುರ್ಚಿಯಲ್ಲಿ ಮಿಸುಕಿದ. ಎಡಗೋಡೆಯ ಹತ್ತಿರ ಏಸಾ ಕಟ್ಟಿದ ಕೈ ಬಿಟ್ಟ.

"ಈ ಕಾನೂನು ಸೈಲಸ್‌ನಂಥವರಿಗೋಸ್ಕರ ಮಾಡಿದ್ದು ಅಂತ ಏಸಾ ಹೇಳ್ತಾನೆ. ಇರಬಹುದು. ಆದ್ರೆ ಒಂದು ವರ್ಷದಿಂದ ನಾವು ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ದೀವಿ. ಅವನು ಹೊರಗಿದ್ದಾನೆ. ಯಾವುದಾದ್ರೂ ಬಂದರಲ್ಲಿ ತಪ್ಪಿಸ್ಕೊಂಡು ಬಂದು ನಮ್ಮ ಬಾವುಟ ಎಲ್ಲಾದ್ರೂ ಇದೆಯಾ ಅಂತ ನೋಡ್ತಾ ಇದ್ರೆ, ಒಂದೂ ಕಾಣಲ್ಲ. ಅದಕ್ಕೆ ಬಂದರು ತೆಗೀಬೇಕು. ನನ್ನ ಮಾತು ಇಷ್ಟೇ."

ಅವನು ಬಲಗೋಡೆಗೆ ಹೋಗಿ ನಿಂತ. ಊರು ಅವನ ಹಿಂದೆ ಹೋಯಿತು. ಕೆಜಾಯಾ ಕರವಸ್ತ್ರವನ್ನು ಅಂಗೈಯಲ್ಲಿ ಮುದುಡಿ ಹಿಡಿದು ಕೂತಿದ್ದಳು. ಒಂದೇ ಹಾಸಿಗೆಯಲ್ಲಿ, ಒಂದೇ ಹೊದಿಕೆಯಡಿ, ಗಂಡ ಹೆಂಡತಿ ಇಬ್ಬರೂ ಸೈಲಸ್‌ನನ್ನೇ ನೆನೆಯುತ್ತ, ಒಬ್ಬರಿಗೊಬ್ಬರು ಹೇಳದೆ ಮಲಗಿದ್ದರು. ಅದು ತಿಳಿದ ಗಳಿಗೆಯಲ್ಲೇ ತಾನು ಗಂಡನನ್ನು ಕಳಿಸಿಕೊಟ್ಟಿದ್ದೇನೆ ಎಂಬುದೂ ತಿಳಿಯಿತು. ಎರಡೂ ಒಟ್ಟಿಗೆ ತಿಳಿದಿದ್ದರಿಂದ ಅಳು ಬರಲಿಲ್ಲ.

ಹೊರಗೆ ಬಂದಾಗ ಏಸಾ ಗೇಟಿನ ಹತ್ತಿರ ನಿಂತಿದ್ದ. ಎಲ್ಕಾನಾನ ಮುಖ ನೋಡದೆ, ಅವನ ಬೂಟು ನೋಡುತ್ತ ಕೇಳಿದ.

"ಲಿಸ್ಬನ್ನಲ್ಲಿ ಈಗ ಇಂಗ್ಲಿಷ್ ಹಡಗೇ ತುಂಬಿವೆಯಂತೆ?"

"ತುಂಬಿವೆ."

"ಸೈಲಸ್ ಬಗ್ಗೆ ಕೇಳ್ತೀಯಾ?"

"ಒಂದೊಂದು ಹಡಗಿನ ಕೆಳಗೂ ದೋಣಿ ನಿಲ್ಲಿಸಿ ಕೇಳ್ತೀನಿ."

"ನಾನು ಎಡಗೋಡೇನೇ. ಅದು ಬದಲಾಗಲ್ಲ," ಎಂದ ಏಸಾ. "ನಿನ್ನ ನೀರಿನ ಪೀಪಾಯಿ ಒಣಗಿ ಬಿರುಕು ಬಿಟ್ಟಿರತ್ತೆ. ಹೊಸದು ಮಾಡಿಕೊಡ್ತೀನಿ. ಫೆಡರಲಿಸ್ಟರು ಮಾಡಿದ ಪೀಪಾಯಿ ಸೋರತ್ತೆ."

ಮಾರ್ಚಿನಲ್ಲಿ ಕಾನೂನು ಹೋಯಿತು. ಇಂಗ್ಲೆಂಡ್ ಮತ್ತು ಫ್ರಾನ್ಸ್ ಬಿಟ್ಟು ಉಳಿದ ದೇಶಗಳಿಗೆ ಹಡಗು ಹೋಗಬಹುದು ಎಂದಾಯಿತು. ಗ್ರೇಸ್‌ಹೇವನ್ನಿನಲ್ಲಿ ಗಂಟೆಗಳು ಮೊಳಗಿದವು. ಆಳುಗಳು ಕಂಬ ಹತ್ತಿ ಟೋಪಿಗಳನ್ನು ಕೆಡವಿದಾಗ ಅವು ನೀರಿಗೆ ಬಿದ್ದು, ಸ್ವಲ್ಪ ಹೊತ್ತು ಮುಳುಗಿ ಏಳುತ್ತ ತೇಲಿದವು.

ಕೆಜಾಯಾ ಪೆಟ್ಟಿಗೆ ತುಂಬುತ್ತಿದ್ದಾಗ ಹೆಪ್ಸಿಬಾ ಬಂದು ಪಕ್ಕದಲ್ಲಿ ಕೂತಳು. ಕೋಟು ಮಡಿಸಲು ಒಂದು ತುದಿ ಹಿಡಿದಳು. ಇಬ್ಬರೂ ಮಡಿಸಿದರು.

"ನಮ್ಮ ಸ್ವಾತಂತ್ರ್ಯದ ಯುದ್ಧದ ಕಾಲದಲ್ಲೂ ಬಂದರು ಮುಚ್ಚಿದ್ರು," ಎಂದಳು ಹೆಪ್ಸಿಬಾ, ಕೋಟಿನ ಕಡೆ ನೋಡುತ್ತ. "ಇಂಗ್ಲೆಂಡಿನವರೇ ಮುಚ್ಚಿದ್ರು. ಊರೆಲ್ಲ ಹಸಿವು. ನಮ್ಮ ಯಜಮಾನರು ಮನೇಲೇ ಇದ್ರು, ಆ ಒಂದು ವರ್ಷ. ಇವನು ಹುಟ್ಟಿದ್ದು ಆಗಲೇ."

ಕೆಜಾಯಾ ಕೈ ನಿಲ್ಲಿಸಿದಳು.

"ನಾನು ಪೆಟ್ಟಿಗೇಲಿ ಸೇಬು ಇಡಲಿಲ್ಲ," ಎಂದಳು ಅತ್ತೆ. "ಮಗೂನ ಮಲಗಿಸ್ತಿದ್ದೆ. ಯಾರಿಗೂ ಹೇಳ್ಬೇಡ."

ಬರಿದು ಮಾಡಿದ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಹುಲ್ಲನ್ನು ಕೆಜಾಯಾ ಪೂರ್ತಿ ಗುಡಿಸಿರಲಿಲ್ಲ. ಹೆಪ್ಸಿಬಾ ಅದನ್ನು ನೋಡಿಯೂ ನೋಡದಂತೆ ಅದರ ಮೇಲೆ ಕೋಟು ಇಟ್ಟಳು.

'ಕರ್ಲ್ಯೂ' ಹೊರಟಾಗ ಮರದಲ್ಲಿ ಮೊಗ್ಗು ಇನ್ನೂ ಬಿಗಿಯಾಗಿತ್ತು. ಹಡಗುಕಟ್ಟೆಯಲ್ಲಿ ಫೀನಾ ಇದ್ದಕ್ಕಿದ್ದಂತೆ, "ಅಪ್ಪ, ಅಲ್ಲಿ ಜೇನುಹುಳ ಇರಲ್ಲ, ಹೆದರ್ಬೇಡ," ಎಂದು ಕೂಗಿದಳು. ಎಲ್ಕಾನಾ ಟೋಪಿ ಎತ್ತಿದ. ಕೆಜಾಯಾ ಕರವಸ್ತ್ರವನ್ನು ಒಮ್ಮೆ ಎತ್ತಿ ಇಳಿಸಿ, ಪದ್ಧತಿಯಂತೆ, ಹಾಯಿ ಮರೆಯಾಗುವ ಮೊದಲೇ ಬೆನ್ನು ತಿರುಗಿಸಿದಳು.

ಮೇ ತಿಂಗಳು ಬಂತು. ಒಂದು ಬೆಳಿಗ್ಗೆ ಅವಳು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಾಗ ಮರ ಬಿಳಿಯಾಗಿತ್ತು. ಬುಟ್ಟಿ ಕೆಳಗಿಟ್ಟು ಅದರ ಹತ್ತಿರ ಹೋದಳು. ಹುಲ್ಲು ಹುಟ್ಟದೆ ಉಳಿದಿದ್ದ ಅವನ ಕಾಲ್ದಾರಿಯಲ್ಲೇ ಹೋದಳು. ಜೇನುಹುಳಗಳು ಗುಂಯ್‌ಗುಡುತ್ತಿದ್ದವು. ಬೇಲಿಯವರೆಗೆ ಬೇಕಾದಷ್ಟು ಜಾಗವಿತ್ತು. ಅವಳು ಮರದ ಹತ್ತಿರ ಗಕ್ಕನೆ ತಿರುಗಿ ಬಾಗಿಲವರೆಗೆ ಬಂದಳು. ಬಂದವಳು ಮತ್ತೆ ತಿರುಗಿದಳು.